‘ಸ್ವಲ್ಪ ವೀಸಿಂಗ್ ಅಷ್ಟೇ’: ಉಬ್ಬಸವನ್ನು ಅಳೆಯಲು ಹೊರಟವರ ಕತೆ



ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಮೃಗಶಿರಾ ಮಳೆ ಹುಟ್ಟುವ ದಿನ, ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಹಳಷ್ಟು ಜನ ಹೈದರಾಬಾದಿಗೆ ಹೋಗ್ತಾರೆ. ಅಲ್ಲಿ ಬತ್ತಿನಿ ಕುಟುಂಬದವರು ಜೀವಂತ ಮರಿಮೀನಿನ ಬಾಯಿಗೆ ಹಳದಿ ಬಣ್ಣದ ಒಂದು ಔಷಧದ ಉಂಡೆ ತುಂಬಿ, ಆ ಮೀನನ್ನೇ ನುಂಗಿಸ್ತಾರೆ. ಉಬ್ಬಸ ವಾಸಿಯಾಗುತ್ತೆ ಅನ್ನೋ ನಂಬಿಕೆ. ಅದು ಕೆಲಸ ಮಾಡುತ್ತೆ ಅನ್ನೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಆದರೆ ಆ ಸಾಲಿನಲ್ಲಿ ನಿಂತವರನ್ನು ನೋಡಿ ನಗೋದು ನನ್ನಿಂದ ಆಗಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಕೂತು, ಮಡಿಲಲ್ಲಿ ದಿಂಬು ಇಟ್ಕೊಂಡು, ಅದರ ಮೇಲೆ ಮೊಣಕೈ ಊರಿ, ಒಂದೊಂದು ಉಸಿರನ್ನೂ ಎಳೆದು ಎಳೆದು ಬಿಡುವವರನ್ನು ಮನೆಯಲ್ಲಿ ನೋಡಿದವರಿಗೆ ಆ ಸಾಲು ಯಾಕಿದೆ ಅಂತ ಗೊತ್ತಾಗುತ್ತೆ.

ನಾನು ನೋಡಿದ್ದು ನಮ್ಮ ದೊಡ್ಡಮ್ಮನನ್ನು. ಕೇಳಿದರೆ, “ನಂಗೇನು ಆಸ್ತಮಾ ಇಲ್ಲಪ್ಪ, ಸ್ವಲ್ಪ ವೀಸಿಂಗ್ ಅಷ್ಟೇ” ಅಂತಿದ್ದರು. ನೀಲಿ ಬಣ್ಣದ ಪಂಪು ಬೀರುವಿನಲ್ಲಿ ಸೀರೆಗಳ ಹಿಂದೆ ಇರ್ತಿತ್ತು. ಮನೆಗೆ ನೆಂಟರು ಬಂದಿದ್ದರೆ ಬಚ್ಚಲಮನೆಗೆ ಹೋಗಿ ಎಳೆದುಕೊಂಡು ಬರ್ತಿದ್ದರು. ‘ಸ್ವಲ್ಪ’ ಅಂದರೆ ಎಷ್ಟು, ಅದನ್ನು ಅಳೆಯೋದು ಹೇಗೆ, ಎಲ್ಲರ ಉಬ್ಬಸವೂ ಒಂದೇನಾ? ಇವತ್ತಿನ ಕತೆ ಈ ಪ್ರಶ್ನೆಗಳದ್ದು. ಇವಕ್ಕೆ ಉತ್ತರ ಹುಡುಕುತ್ತಾ ವೈದ್ಯರು ಕೆಲವು ಸಲ ಸರಿಯಾಗಿ ಕಂಡಿದ್ದಾರೆ, ಕೆಲವು ಸಲ ತಪ್ಪಿದ್ದಾರೆ. ತಪ್ಪಿದಾಗಲೆಲ್ಲ ಜನ ಸತ್ತಿದ್ದಾರೆ.

ಉಬ್ಬಸ ಹೊಸ ಕಾಯಿಲೆ ಏನಲ್ಲ. ಚರಕ ಸಂಹಿತೆಯಲ್ಲಿ ಐದು ಬಗೆಯ ಶ್ವಾಸರೋಗಗಳ ಹೆಸರಿದೆ: ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ. ಇವುಗಳಲ್ಲಿ ತಮಕ ಶ್ವಾಸದ ವಿವರಣೆ ಓದಿದರೆ ನಮ್ಮ ದೊಡ್ಡಮ್ಮನನ್ನೇ ನೋಡಿ ಬರೆದ ಹಾಗಿದೆ. ಮೋಡ ಕವಿದರೆ, ಮಳೆ ಬಂದರೆ, ಥಂಡಿ ಗಾಳಿ ಬೀಸಿದರೆ ಹೆಚ್ಚಾಗುತ್ತೆ. ಮಲಗಿದರೆ ಕಷ್ಟ, ಎದ್ದು ಕೂತರೆ ಸ್ವಲ್ಪ ಹಾಯ್. ಬಿಸಿ ಪದಾರ್ಥ ಬೇಕು ಅನ್ನಿಸುತ್ತೆ. ಕಫ ಹೊರಗೆ ಬಂದರೆ ಆ ಗಳಿಗೆಗೆ ಸಮಾಧಾನ. ಅಲ್ಲೇ ತಮಕದಲ್ಲೂ ಎರಡು ಬಗೆ ಮಾಡಿದ್ದಾರೆ. ಅಂದರೆ ‘ಎಲ್ಲ ಉಬ್ಬಸವೂ ಒಂದೇ ಅಲ್ಲ’ ಅನ್ನೋ ಅನುಮಾನ ಅಷ್ಟು ಹಳೆಯದು. ಗ್ರೀಕರಲ್ಲಿ ‘ಆಸ್ತಮಾ’ ಅಂದರೆ ಬರೀ ಏದುಸಿರು. ಆ ಪದ ಯಾವ ಕಾರಣವನ್ನೂ ಹೇಳಲ್ಲ.

ಯುರೋಪಿನಲ್ಲಿ ಈ ಕಾಯಿಲೆ ಬಗ್ಗೆ ಚೆನ್ನಾಗಿ ಬರೆದವರಲ್ಲಿ ಹಲವರು ತಾವೇ ಉಬ್ಬಸದವರು. 1698ರಲ್ಲಿ ಪುಸ್ತಕ ಬರೆದ ಜಾನ್ ಫ್ಲಾಯರ್ ಹಾಗೇ. 1860ರಲ್ಲಿ ಬರೆದ ಲಂಡನ್ನಿನ ಹೆನ್ರಿ ಹೈಡ್ ಸಾಲ್ಟರ್ ಕೂಡ ಹಾಗೇ. ಬೆಕ್ಕು ಹತ್ತಿರ ಬಂದರೆ ತನಗೆ ಉಬ್ಬಸ ಏಳುತ್ತೆ ಅಂತ ಸಾಲ್ಟರ್ ಗಮನಿಸಿದ್ದರು. ಸ್ಟ್ರಾಂಗ್ ಕಾಫಿ ಕುಡಿದರೆ ಎಳೆತ ಕಡಿಮೆಯಾಗುತ್ತೆ ಅಂತಲೂ ಬರೆದರು. ಅದು ಸುಳ್ಳಲ್ಲ, ಕೆಫೀನ್ ಶ್ವಾಸನಾಳವನ್ನು ಸ್ವಲ್ಪ ಸಡಿಲಿಸುತ್ತೆ. ಆದರೆ ಅವರ ಪ್ರಕಾರ ಇದು ಮೂಲತಃ ನರಗಳ ಕಾಯಿಲೆ. ನರ ಕೆರಳುತ್ತೆ, ಶ್ವಾಸನಾಳದ ಸ್ನಾಯು ಹಿಡಿದುಕೊಳ್ಳುತ್ತೆ, ಅಷ್ಟೇ.

ಇಲ್ಲಿ ನಮ್ಮ ಕಡೆಯ ಒಂದು ಗಿಡದ ವಿಷಯ ಹೇಳಬೇಕು. ನಮ್ಮ ಬೇಲಿಗಳಲ್ಲಿ ಬೆಳೆಯೋ ಉಮ್ಮತ್ತಿ, ಅಂದರೆ ದತ್ತೂರಿ. ಉಬ್ಬಸಕ್ಕೆ ಇದನ್ನು ಒಣಗಿಸಿ ಹೊಗೆ ಎಳೆಯೋ ಪದ್ಧತಿ ದಕ್ಷಿಣ ಭಾರತದಲ್ಲಿತ್ತು. 1802ರ ಹೊತ್ತಿಗೆ ಮದರಾಸಿನ ವೈದ್ಯಾಧಿಕಾರಿ ಆಂಡರ್ಸನ್, ಸೇನೆಯ ಜನರಲ್ ಜೆಂಟ್ ಇವರ ಮೂಲಕ ಈ ಪದ್ಧತಿ ಬ್ರಿಟನ್ನಿಗೆ ಹೋಯಿತು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ‘ಆಸ್ತಮಾ ಸಿಗರೇಟು’ ಮಾರಾಟವಾಯಿತು. ಅದರಲ್ಲಿರೋ ಅಟ್ರೋಪಿನ್ ಥರದ ವಸ್ತುಗಳು ಶ್ವಾಸನಾಳವನ್ನು ಬಿಗಿ ಮಾಡೋ ನರದ ಸಂಕೇತವನ್ನು ತಡೀತವೆ. ಇವತ್ತು ನೆಬ್ಯುಲೈಸರ್‌ಗೆ ಹಾಕೋ ಇಪ್ರಾಟ್ರೋಪಿಯಂ ಇದೇ ವಂಶದ್ದು. (ದಯವಿಟ್ಟು ಯಾರೂ ಉಮ್ಮತ್ತಿ ಕಿತ್ತು ತಂದು ಪ್ರಯೋಗ ಮಾಡಬೇಡಿ. ಅದು ವಿಷ.)

ನರಗಳ ಸಿದ್ಧಾಂತ ಪೂರ್ತಿ ತಪ್ಪಲ್ಲ. ಆದರೆ ಅದು ಅರ್ಧ ಕತೆ. ಇನ್ನರ್ಧ ಸಿಕ್ಕಿದ್ದು ಸಮುದ್ರದ ಮಧ್ಯೆ. 1901ರಲ್ಲಿ ಮೊನಾಕೋದ ರಾಜಕುಮಾರ ಒಂದನೇ ಆಲ್ಬರ್ಟನ ಹಡಗಿನಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೇ ಸಮುದ್ರಜೀವಿಗಳ ವಿಷದ ಮೇಲೆ ಕೆಲಸ ಶುರು ಮಾಡಿದರು. ನಾಯಿಗಳಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಒಗ್ಗಿಸಿದರೆ ಅವು ತಡೆದುಕೊಳ್ಳುತ್ತವೆ ಅಂತ ಅವರ ಎಣಿಕೆ. ಆಗಿದ್ದು ಉಲ್ಟಾ. ಮೊದಲ ಸಲ ಆರಾಮಾಗಿದ್ದ ನೆಪ್ಚೂನ್ ಅನ್ನೋ ನಾಯಿ, ಕೆಲವು ವಾರ ಬಿಟ್ಟು ಎರಡನೇ ಸಲ ಕೊಟ್ಟಾಗ ನಿಮಿಷಗಳಲ್ಲಿ ಏದುಸಿರು ಬಿಡುತ್ತಾ ಸತ್ತೇಹೋಯಿತು. ನಮ್ಮನ್ನು ಕಾಯಬೇಕಾದ ವ್ಯವಸ್ಥೆಯೇ ನಮ್ಮ ಮೇಲೆ ಬೀಳಬಹುದು ಅನ್ನೋದು ಆಗ ಗೊತ್ತಾಯಿತು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಅನ್ನೋ ಪದ ಹುಟ್ಟಿಸಿದರು. 1910ರಲ್ಲಿ ಸ್ಯಾಮ್ಯುಯೆಲ್ ಮೆಲ್ಟ್ಜರ್, ಉಬ್ಬಸವೂ ಇಂಥದ್ದೇ ಇರಬೇಕು ಅಂದರು.

1919ರಲ್ಲಿ ನ್ಯೂಯಾರ್ಕಿನ ರಾಮಿರೆಜ್ ಅನ್ನೋ ವೈದ್ಯರು ವಿಚಿತ್ರವಾದ ಒಂದು ಪ್ರಸಂಗ ವರದಿ ಮಾಡಿದರು. ಒಬ್ಬ ರೋಗಿಗೆ ಬೇರೆಯವರ ರಕ್ತ ಕೊಟ್ಟಿದ್ದರು. ಆತನಿಗೆ ಅದುವರೆಗೆ ಉಬ್ಬಸ ಇರಲಿಲ್ಲ. ಆಮೇಲೊಂದು ದಿನ ಕುದುರೆಗಾಡಿ ಹತ್ತಿದ ಕೂಡಲೇ ಉಸಿರು ಕಟ್ಟಿಕೊಂಡಿತು. ವಿಚಾರಿಸಿದರೆ, ರಕ್ತ ಕೊಟ್ಟವನಿಗೆ ಕುದುರೆ ಅಂದರೆ ಆಗ್ತಿರಲಿಲ್ಲ! ಅಂದರೆ ಅಲರ್ಜಿ ರಕ್ತದಲ್ಲಿ ಹರಿದು ಒಬ್ಬರಿಂದ ಒಬ್ಬರಿಗೆ ದಾಟಿತ್ತು. ಏನದು ದಾಟಿದ್ದು?

ಈಗ ನಮ್ಮ ಎರಡನೇ ಮೀನು. ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ (ಈಗ ಅದು ಪೋಲೆಂಡಿನ ವ್ರೊತ್ಸ್ವಾಫ್) ಕಾರ್ಲ್ ಪ್ರೌಸ್ನಿಟ್ಸ್, ಹೈನ್ಸ್ ಕ್ಯೂಸ್ಟ್ನರ್ ಅಂತ ಇಬ್ಬರು ವೈದ್ಯರು. ಕ್ಯೂಸ್ಟ್ನರ್‌ಗೆ ಮೀನು ಆಗದು. ಪ್ರೌಸ್ನಿಟ್ಸ್‌ಗೆ ಮೀನು ಆಗುತ್ತೆ, ಹುಲ್ಲಿನ ಪರಾಗ ಆಗದು. 1921ರಲ್ಲಿ ಇವರು ಕ್ಯೂಸ್ಟ್ನರ್‌ನ ರಕ್ತದ ಸೀರಂ ತೆಗೆದು ಪ್ರೌಸ್ನಿಟ್ಸ್‌ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿದರು. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರು. ನೋಡ್ತಾ ನೋಡ್ತಾ ಅಲ್ಲಿ ಕೆಂಪಗೆ ಗಂಧೆ ಎದ್ದಿತು. ಮೀನು ಚೆನ್ನಾಗಿ ಒಗ್ಗೋ ಮನುಷ್ಯನ ಹೊಟ್ಟೆಯ ಮೇಲೆ, ಸೀರಂ ಚುಚ್ಚಿದ ಆ ಪುಟ್ಟ ಜಾಗಕ್ಕೆ ಮಾತ್ರ ಮೀನು ಆಗ್ತಿರಲಿಲ್ಲ. ಉಲ್ಟಾ ಪ್ರಯೋಗ, ಪ್ರೌಸ್ನಿಟ್ಸ್‌ನ ಪರಾಗದ ಅಲರ್ಜಿಯನ್ನು ಕ್ಯೂಸ್ಟ್ನರ್‌ಗೆ ದಾಟಿಸೋದು, ಸಫಲ ಆಗಲಿಲ್ಲ. ಆದರೂ ಸೀರಂನಲ್ಲಿ ಏನೋ ಇದೆ ಅನ್ನೋದು ಖಚಿತವಾಯಿತು. ಅದಕ್ಕೆ ‘ರಿಯಾಜಿನ್’ ಅಂತ ಹೆಸರು ಬಂತು. ಆ ‘ಏನೋ’ ಏನು ಅಂತ ತಿಳಿಯೋಕೆ ಇನ್ನೂ 45 ವರ್ಷ ಬೇಕಾಯಿತು. ಪ್ರೌಸ್ನಿಟ್ಸ್ ಮುಂದೆ ನಾಜಿಗಳ ಕಾಲದಲ್ಲಿ ಇಂಗ್ಲೆಂಡಿಗೆ ಹೋಗಿ, ವೈಟ್ ದ್ವೀಪದಲ್ಲಿ ಸಾಮಾನ್ಯ ಊರ ವೈದ್ಯರಾಗಿ ಕೆಲಸ ಮಾಡಿದರು.

ಆ 45 ವರ್ಷಗಳಲ್ಲಿ ವೈದ್ಯಲೋಕದ ಒಂದು ಭಾಗ ಬೇರೆ ದಾರಿ ಹಿಡಿದಿತ್ತು. ಮನೋವಿಶ್ಲೇಷಣೆಯ ಕಾಲ ಅದು. ಉಬ್ಬಸ ಮನಸ್ಸಿನ ಕಾಯಿಲೆ, ಮಗುವಿನ ಉಸಿರುಕಟ್ಟುವಿಕೆ ಅಂದರೆ ತಾಯಿಗಾಗಿ ಒಳಗೇ ಅದುಮಿಟ್ಟ ಅಳು ಅಂತ ದೊಡ್ಡ ದೊಡ್ಡವರು ಬರೆದರು. ಅಮೆರಿಕದ ಮರ್ರೆ ಪೆಷ್ಕಿನ್ ಅನ್ನೋ ವೈದ್ಯರು ಒಂದು ಹೆಜ್ಜೆ ಮುಂದೆ ಹೋಗಿ, ತೀವ್ರ ಉಬ್ಬಸದ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಬೇಕು ಅಂದರು. ಆಪರೇಷನ್ ಮಾಡಿ ಗೆಡ್ಡೆ ತೆಗೆದ ಹಾಗೆ ಹೆತ್ತವರನ್ನು ತೆಗೆಯೋದು. ‘ಪೇರೆಂಟೆಕ್ಟಮಿ’ ಅಂತಲೇ ಅದಕ್ಕೆ ಹೆಸರು. ಕೊಲರಾಡೋದ ಡೆನ್ವರ್ ನಗರದಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ವಸತಿಗೃಹ ಇತ್ತು. ದೂರದೂರದ ಊರುಗಳಿಂದ ಬಂದ ಮಕ್ಕಳು ಅಲ್ಲಿ ಒಂದೆರಡು ವರ್ಷ ಅಪ್ಪ ಅಮ್ಮ ಇಲ್ಲದೆ ಇರ್ತಿದ್ದರು.

ಬಹಳ ಮಕ್ಕಳಿಗೆ ಗುಣವೂ ಆಯಿತು, ಅದೇ ತೊಂದರೆ ಆಗಿದ್ದು! ಗುಣವಾದ ಕೂಡಲೇ ಸಿದ್ಧಾಂತ ಸರಿ ಅಂತ ಆಯಿತು. ತಪ್ಪೆಲ್ಲ ಅಮ್ಮನ ತಲೆಗೆ ಬಂತು. ಆದರೆ 1964ರಲ್ಲಿ ನೆದರ್‌ಲೆಂಡ್ಸಿನ ಲೈಡನ್ನಿನಲ್ಲಿ ಫೋರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ, ಮನೆಯ ಧೂಳಿನ ಅಲರ್ಜಿಗೆ ಕಾರಣ ಹಾಸಿಗೆ ದಿಂಬುಗಳಲ್ಲಿ ಬದುಕೋ ಕಣ್ಣಿಗೆ ಕಾಣದ ಒಂದು ನುಸಿ ಅಂತ ತೋರಿಸಿದರು. ಆ ನುಸಿಗೆ ತೇವ ಬೇಕು. ಡೆನ್ವರ್ ಇರೋದು ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದಲ್ಲಿ, ಒಣ ಹವೆಯಲ್ಲಿ. ನಾನು ಇದನ್ನು ಓದಿದಾಗ ಅನ್ನಿಸಿದ್ದು: ಆ ಮಕ್ಕಳಲ್ಲಿ ಎಷ್ಟೋ ಜನರಿಗೆ ದೂರ ಮಾಡಬೇಕಾಗಿದ್ದು ಅಮ್ಮನನ್ನಲ್ಲ, ಹಳೇ ಹಾಸಿಗೆಯನ್ನು.

ಮತ್ತೆ ನೋಡಿ, ರಿಯಾಜಿನ್ನಿನ ಗುಟ್ಟು ಬಯಲಾಗಿದ್ದು ಇದೇ ಡೆನ್ವರಿನಲ್ಲಿ, ಇದೇ ವಸತಿಗೃಹದಿಂದ ಬೆಳೆದ ಮಕ್ಕಳ ಆಸ್ತಮಾ ಸಂಶೋಧನಾ ಸಂಸ್ಥೆಯಲ್ಲಿ. ಜಪಾನಿನಿಂದ ಬಂದ ಕಿಮಿಶಿಗೆ ಇಶಿಜಾಕಾ, ತೆರುಕೊ ಇಶಿಜಾಕಾ ದಂಪತಿ ರ‍್ಯಾಗ್‌ವೀಡ್ ಅನ್ನೋ ಕಳೆಯ ಪರಾಗ ಆಗದವರ ಸೀರಂ ತೆಗೆದುಕೊಂಡು, ಅದರ ಒಂದೊಂದು ಅಂಶವನ್ನೂ ಬೇರ್ಪಡಿಸುತ್ತಾ ಹೋದರು. ಪರೀಕ್ಷೆ ಅದೇ ಹಳೇದು, ಚರ್ಮಕ್ಕೆ ಚುಚ್ಚಿ ಗಂಧೆ ಏಳುತ್ತಾ ನೋಡೋದು. ಚುಚ್ಚಿಕೊಂಡಿದ್ದು ತಮ್ಮದೇ ಬೆನ್ನಿಗೆ. 1966ರಲ್ಲಿ ಅವರು ಪ್ರಕಟಿಸಿದರು: ಇದು ಅದುವರೆಗೆ ಗೊತ್ತಿದ್ದ ಯಾವ ಪ್ರತಿಕಾಯವೂ ಅಲ್ಲ, ಹೊಸದು. ಚರ್ಮ ಕೆಂಪಾಗೋದಕ್ಕೆ ಇಂಗ್ಲಿಷಿನಲ್ಲಿ ಎರಿಥೀಮಾ ಅಂತಾರಲ್ಲ, ಅದರ ಮೊದಲ ಅಕ್ಷರ ತೆಗೆದು ‘ಇ’ ಅಂದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಬೇರೆಯದೇ ದಾರಿಯಲ್ಲಿ, ರಕ್ತದ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ಸೀರಂನಲ್ಲಿ ಅದನ್ನೇ ಕಂಡರು. 1968ರಲ್ಲಿ ಲೊಸಾನ್ನಿನಲ್ಲಿ ಸೇರಿದ ಸಭೆ ‘ಐಜಿಇ’ ಅಂತ ಹೆಸರು ಗಟ್ಟಿ ಮಾಡಿತು. ಇವತ್ತು ಲ್ಯಾಬ್ ರಿಪೋರ್ಟಿನಲ್ಲಿ ‘ಟೋಟಲ್ ಐಜಿಇ’ ಅಂತ ಬರುತ್ತಲ್ಲ, ಅದು ಇದೇ.

ಇದು ಕೆಲಸ ಮಾಡೋ ರೀತಿ ಹೀಗೆ. ಅಲರ್ಜಿಯ ಗುಣ ಇರೋರ ಶ್ವಾಸನಾಳಕ್ಕೆ ಮೊದಲು ಪರಾಗವೋ ನುಸಿಯ ಹಿಕ್ಕೆಯೋ ಹೋದಾಗ, ಅಲ್ಲಿನ ಕಾವಲು ಕೋಶಗಳು ಅದನ್ನು ಹಿಡಿದು ಟಿ ಕೋಶಗಳಿಗೆ ತೋರಿಸ್ತವೆ. ‘ಟಿಎಚ್2’ ಅನ್ನೋ ಬಗೆಯ ಟಿ ಕೋಶಗಳು ಕೆಲವು ರಾಸಾಯನಿಕ ಸಂದೇಶ ಕಳಿಸ್ತವೆ. ಇಂಟರ್‌ಲ್ಯೂಕಿನ್-4, 5, 13 ಅಂತ ಅವುಗಳ ಹೆಸರು. 4 ಮತ್ತು 13ರ ಮಾತು ಕೇಳಿ ಬಿ ಕೋಶಗಳು ಐಜಿಇ ತಯಾರಿಸ್ತವೆ. ಆ ಐಜಿಇ ಹೋಗಿ ಮಾಸ್ಟ್ ಕೋಶಗಳ ಮೈಮೇಲೆ ಅಂಟಿಕೊಂಡು ಕೂತಿರುತ್ತೆ. ಇಷ್ಟು ಹೊತ್ತಿನವರೆಗೆ ರೋಗಿಗೆ ಏನೂ ಗೊತ್ತಾಗಲ್ಲ. ಮುಂದಿನ ಸಲ ಅದೇ ಧೂಳು ಬಂದಾಗ ಮಾಸ್ಟ್ ಕೋಶ ಒಡೆದು ಹಿಸ್ಟಮಿನ್, ಲ್ಯೂಕೋಟ್ರೈನ್ ಸುರಿಸುತ್ತೆ. ನಿಮಿಷಗಳಲ್ಲಿ ಶ್ವಾಸನಾಳ ಬಿಗಿಯುತ್ತೆ. ಅಲ್ಲಿಗೆ ಮುಗಿಯಲ್ಲ. ಕೆಲವು ಗಂಟೆಗಳ ನಂತರ ಎರಡನೇ ಅಲೆ ಬರುತ್ತೆ. ಆಗ ಇಂಟರ್‌ಲ್ಯೂಕಿನ್-5ರ ಕರೆಗೆ ಓಗೊಟ್ಟು ಇಯೋಸಿನೊಫಿಲ್ ಅನ್ನೋ ಬಿಳಿ ರಕ್ತಕಣಗಳು ಹಿಂಡಾಗಿ ಬಂದು ಶ್ವಾಸನಾಳದ ಒಳಗೋಡೆಯನ್ನೇ ಕೆಡಿಸ್ತವೆ. ಗೋಡೆ ಊದಿಕೊಳ್ಳುತ್ತೆ, ಅಂಟು ಕಫ ತುಂಬುತ್ತೆ. ಸಂಜೆ ಅಟ್ಟ ಗುಡಿಸಿದವರಿಗೆ ಕೂಡಲೇ ಸೀನು, ಮಧ್ಯರಾತ್ರಿ ಉಬ್ಬಸ ಬರೋದು ಇದಕ್ಕೇ.

ಈ ಎರಡನೇ ಅಲೆ, ಅಂದರೆ ಉರಿಯೂತ, ನೀಲಿ ಪಂಪಿಗೆ ಬಗ್ಗಲ್ಲ. ಇದನ್ನು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಹಾಗಾದರೆ ಎಲ್ಲ ಉಬ್ಬಸವೂ ಐಜಿಇ ಮಾಡೋದೇನಾ? ಅಲ್ಲ. ಬಾಸ್ಟನ್ನಿನ ಫ್ರಾನ್ಸಿಸ್ ರಾಕೆಮನ್ 1918ರಲ್ಲೇ 150 ರೋಗಿಗಳನ್ನು ನೋಡಿ, ಕೆಲವರಿಗೆ ಕಾರಣ ಹೊರಗಿಂದ ಬರುತ್ತೆ, ಕೆಲವರಿಗೆ ಒಳಗೇ ಇದೆ ಅಂತ ವಿಂಗಡಿಸಿದ್ದರು. ಮಕ್ಕಳಲ್ಲಿ ಶುರುವಾಗೋದು ಸಾಮಾನ್ಯವಾಗಿ ಮೊದಲ ಬಗೆ. ನಲವತ್ತು ದಾಟಿದ ಮೇಲೆ, ಮನೆತನದಲ್ಲಿ ಯಾರಿಗೂ ಇಲ್ಲದೆ ಶುರುವಾಗೋದು ಎರಡನೇ ಬಗೆ. ಆಸ್ಪಿರಿನ್ ನುಂಗಿದರೆ ಉಬ್ಬಸ ಏಳೋರದ್ದು ಮತ್ತೊಂದು ಗುಂಪು. ಮೂಗಿನಲ್ಲಿ ದುರ್ಮಾಂಸ, ಉಬ್ಬಸ, ಆಸ್ಪಿರಿನ್ ಆಗದಿರೋದು, ಈ ಮೂರೂ ಒಟ್ಟಿಗಿರೋದನ್ನು ಫ್ರಾನ್ಸಿನ ವಿದಾಲ್ 1922ರಲ್ಲಿ ಬರೆದರು. ಕೆಲಸದ ಜಾಗದಿಂದ ಬರೋದೂ ಇದೆ. ಹಿಟ್ಟಿನ ಧೂಳಿನಿಂದ ಬೇಕರಿಯವರಿಗೆ ಬರೋ ಉಬ್ಬಸವನ್ನು ಇಟಲಿಯ ರಾಮಾತ್ಸೀನಿ ಮುನ್ನೂರು ವರ್ಷದ ಹಿಂದೆಯೇ ಗುರುತಿಸಿದ್ದರು.

ಆದರೆ ಈ ವಿಂಗಡಣೆಯಿಂದ ಚಿಕಿತ್ಸೆಗೆ ಏನು ಉಪಯೋಗ ಅಂತ ತೋರಿಸಿಕೊಟ್ಟವರು ಬೇರೆ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾಗೋ ಮನುಷ್ಯ, ಇಂಗ್ಲೆಂಡಿನ ಡರ್ಬಿಯ ಹ್ಯಾರಿ ಮಾರೋ ಬ್ರೌನ್. 1956ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡ ಪ್ರಯೋಗ ಮಾಡಿ, ದೀರ್ಘಕಾಲದ ಉಬ್ಬಸಕ್ಕೆ ಕಾರ್ಟಿಸೋನ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ ಅಂದಿತ್ತು. ಬ್ರೌನ್ ಅವರು ತಮ್ಮ ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕಫದಲ್ಲಿ ಇಯೋಸಿನೊಫಿಲ್ ಇದ್ದವರಿಗೆ ಸ್ಟಿರಾಯ್ಡ್ ಚೆನ್ನಾಗಿ ಹಿಡೀತಿತ್ತು. ಇಲ್ಲದವರಿಗೆ ಇಲ್ಲ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದಿದ್ದರಿಂದ ಮಂಡಳಿಗೆ ಪ್ರಯೋಜನ ಕಾಣದೇ ಹೋಗಿತ್ತು. 1958ರಲ್ಲಿ ಅವರು ಇದನ್ನು ಪ್ರಕಟಿಸಿದರು. 1972ರಲ್ಲಿ ಮೈಯೆಲ್ಲಾ ಕೆಡಿಸದೆ ಶ್ವಾಸನಾಳಕ್ಕೆ ಮಾತ್ರ ಹೋಗೋ ಸ್ಟಿರಾಯ್ಡ್ ಇನ್‌ಹೇಲರ್, ಬೆಕ್ಲೋಮೆಥಾಸೋನ್, ಅದರ ಬಗ್ಗೆ ಬರೆದವರೂ ಇವರೇ.

ಈ ಪಾಠವನ್ನು ವೈದ್ಯಲೋಕ ಮರೆತುಬಿಟ್ಟಿತು. ಐವತ್ತು ವರ್ಷದ ನಂತರ ಇಂಟರ್‌ಲ್ಯೂಕಿನ್-5 ತಡೆಯೋ ಮೆಪೊಲಿಜುಮ್ಯಾಬ್ ಅನ್ನೋ ಔಷಧ ಬಂತು. ಮೊದಲ ಪ್ರಯೋಗಗಳಲ್ಲಿ ಪ್ರಯೋಜನ ಇಲ್ಲ ಅಂತ ಬಂತು. ಯಾಕೆ? ಮತ್ತೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದ್ದರು. 2009ರಲ್ಲಿ ಎರಡು ತಂಡಗಳು ಕಫ ಪರೀಕ್ಷೆ ಮಾಡಿ, ಇಯೋಸಿನೊಫಿಲ್ ಇದ್ದವರಿಗೆ ಮಾತ್ರ ಕೊಟ್ಟು ನೋಡಿದವು. ತೀವ್ರ ದಾಳಿಗಳು ಕಡಿಮೆಯಾದವು. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಡರ್ಬಿಯ ವೈದ್ಯರ ಮಾತು ಕೇಳಿದ್ದರೆ ಒಂದಿಷ್ಟು ವರ್ಷ ಉಳೀತಿತ್ತು.

ಪತ್ತೆ ಹಚ್ಚೋ ವಿಷಯಕ್ಕೆ ಬರೋಣ. ಸ್ಟೆತಾಸ್ಕೋಪಿಗೆ ಸುಯ್ ಅನ್ನೋ ಸದ್ದು ಕೇಳಿಸಿದರೆ ಆಸ್ತಮಾ ಅಂತ ಹೇಳಿಬಿಡೋಕೆ ಆಗಲ್ಲ. ಬೇರೆ ಕಾಯಿಲೆಯಲ್ಲೂ ಕೇಳಿಸುತ್ತೆ, ತೀರಾ ಬಿಗಿದುಕೊಂಡಾಗ ಸದ್ದೇ ಇರಲ್ಲ. ಎಷ್ಟು ಗಾಳಿ ಹಿಡಿಯುತ್ತೆ ಅಂತ ಅಳೆಯೋ ಸ್ಪೈರೋಮೀಟರನ್ನು ಜಾನ್ ಹಚಿನ್ಸನ್ 1846ರಲ್ಲೇ ಮಾಡಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿದ್ದರು. ಆದರೆ ಉಬ್ಬಸದಲ್ಲಿ ಮುಖ್ಯವಾದ್ದು ಎಷ್ಟು ಹಿಡಿಯುತ್ತೆ ಅನ್ನೋದಲ್ಲ, ಎಷ್ಟು ಬೇಗ ಬಿಡಬಹುದು ಅನ್ನೋದು. 1947ರಲ್ಲಿ ಪ್ಯಾರಿಸ್ಸಿನ ತಿಫ್‌ನೋ ಆ ಲೆಕ್ಕ ತಂದರು. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರೋ ಗಾಳಿ, ಎಫ್‌ಇವಿ1. ಔಷಧ ಎಳೆದುಕೊಂಡ ಮೇಲೆ ಇದು ಶೇ 12ರಷ್ಟು ಮತ್ತು 200 ಮಿಲಿಲೀಟರ್ ಮೇಲಕ್ಕೆ ಏರಿದರೆ, ಕಟ್ಟಿಕೊಂಡಿದ್ದು ಬಿಡುತ್ತೆ ಅಂತ ಅರ್ಥ. ಆಸ್ತಮಾದ ಗುರುತೇ ಅದು, ಏರಿಳಿತ. ಅದಕ್ಕೇ ಚೆನ್ನಾಗಿರೋ ದಿನ ಹೋಗಿ ಒಂದು ಸಲ ಊದಿದರೆ ಎಲ್ಲ ಸರಿಯಾಗಿದೆ ಅಂತಲೇ ಬರಬಹುದು. ಇದಕ್ಕೆ ಪರಿಹಾರವಾಗಿ 1959ರಲ್ಲಿ ಮಾರ್ಟಿನ್ ರೈಟ್ ಪೀಕ್ ಫ್ಲೋ ಮೀಟರ್ ಮಾಡಿದರು. ಆಮೇಲೆ ಕೈಯಲ್ಲಿ ಹಿಡಿಯೋ ಚಿಕ್ಕ ಪ್ಲಾಸ್ಟಿಕ್ ಕೊಳವೆಯಾಗಿ ಅದು ಮನೆಗೇ ಬಂತು. ಬೆಳಿಗ್ಗೆ ಸಂಜೆ ಊದಿ ಬರೆದಿಟ್ಟರೆ ಬೆಳಗಿನ ಜಾವದ ಕುಸಿತ ಕಣ್ಣಿಗೇ ಕಾಣುತ್ತೆ. (ಕುಡಿದು ಗಾಡಿ ಓಡಿಸೋರನ್ನು ಹಿಡಿಯೋ ಊದುಯಂತ್ರಕ್ಕೂ ಇದೇ ರೈಟ್ ಕಾರಣ. ಬೈಯೋರು ಅವರನ್ನೂ ಸೇರಿಸಿ ಬೈಯಬಹುದು.)

ಇನ್ನು ತೀವ್ರತೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೈದ್ಯರಿಗೆಲ್ಲ ಗುರುವಿನಂತಿದ್ದ ವಿಲಿಯಂ ಆಸ್ಲರ್, ಉಬ್ಬಸದ ದಾಳಿಯಲ್ಲಿ ಸಾವು ಬರೋದಿಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದರು. ತಲೆಮಾರುಗಳು ಅದನ್ನೇ ನಂಬಿದವು. ನಮ್ಮಲ್ಲೂ “ದಮ್ಮಿನವರು ನೂರು ವರ್ಷ ಬದುಕ್ತಾರೆ” ಅನ್ನೋ ಮಾತು ಕೇಳಿದ್ದೀನಿ.

1955ರಲ್ಲಿ ಅಮೆರಿಕದ ರೈಕರ್ ಔಷಧ ಕಂಪನಿಯ ಜಾರ್ಜ್ ಮೇಸನ್ ಅವರ ಮಗಳು, ಉಬ್ಬಸದ ಹುಡುಗಿ, ಅಪ್ಪನನ್ನು ಕೇಳಿದಳಂತೆ: ಕೂದಲಿಗೆ ಹೊಡೆಯೋ ಸ್ಪ್ರೇ ಥರ ನನ್ನ ಔಷಧ ಯಾಕೆ ಬರಲ್ಲ? ಮಾರನೇ ವರ್ಷವೇ ಒತ್ತಿ ಎಳೆಯೋ ಇನ್‌ಹೇಲರ್ ಮಾರುಕಟ್ಟೆಗೆ ಬಂತು. ಒಂದು ಮಗುವಿನ ಪ್ರಶ್ನೆಯಿಂದ ಕೋಟ್ಯಂತರ ಜನರಿಗೆ ಉಸಿರು ಸಿಕ್ಕಿತು. ಆದರೆ ಅದರಲ್ಲಿದ್ದ ಐಸೋಪ್ರಿನಲಿನ್ ಶ್ವಾಸನಾಳದ ಜೊತೆಗೆ ಹೃದಯವನ್ನೂ ಓಡಿಸ್ತಿತ್ತು. 1960ರ ದಶಕದಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಕೆಲವು ದೇಶಗಳಲ್ಲಿ ‘ಫೋರ್ಟೆ’ ಅಂತ ಐದು ಪಟ್ಟು ಶಕ್ತಿಯ ಇನ್‌ಹೇಲರ್ ಬಂತು. ಬ್ರಿಟನ್ನಿನಲ್ಲಿ ಡಾಕ್ಟರ ಚೀಟಿ ಇಲ್ಲದೆಯೇ ಇನ್‌ಹೇಲರ್ ಸಿಗ್ತಿತ್ತು.

1968ರಲ್ಲಿ ಸ್ಪೈಜರ್, ರಿಚರ್ಡ್ ಡಾಲ್ ಮತ್ತು ಹೀಫ್ ಲೆಕ್ಕ ಹಾಕಿ ನೋಡಿದರು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಉಬ್ಬಸದ ಸಾವು ಕೆಲವೇ ವರ್ಷಗಳಲ್ಲಿ ಏಳೆಂಟು ಪಟ್ಟು ಹೆಚ್ಚಾಗಿತ್ತು. ಎಷ್ಟೋ ಮಕ್ಕಳು ಮನೆಯಲ್ಲೇ ಸತ್ತಿದ್ದರು. ಅದೇ ವರ್ಷ ಚೀಟಿ ಕಡ್ಡಾಯ ಮಾಡಿದರು. ಎಚ್ಚರಿಕೆ ಹೋಯಿತು, ಬಳಕೆ ಇಳಿಯಿತು, ಸಾವೂ ಇಳಿಯಿತು. ಕಾರಣ ಏನು ಅಂತ ದಶಕಗಳ ಕಾಲ ವಾದ ನಡೆಯಿತು. ಒಂದು ಪಕ್ಷ ಹೇಳ್ತು, ಔಷಧವೇ ಹೃದಯಕ್ಕೆ ವಿಷವಾಯಿತು. ಇನ್ನೊಂದು ಪಕ್ಷ ಹೇಳ್ತು, ಗಳಿಗೆಯ ಆರಾಮ ನಂಬಿಕೊಂಡು ಆಸ್ಪತ್ರೆಗೆ ಹೋಗೋದು ತಡವಾಯಿತು. ನನಗನ್ನಿಸೋದು, ಎರಡೂ ಇತ್ತು.

1969ರಲ್ಲಿ ಹೃದಯವನ್ನು ಅಷ್ಟಾಗಿ ತಟ್ಟದ ಸಾಲ್ಬುಟಮಾಲ್ ಬಂತು. ನಮ್ಮ ನೀಲಿ ಪಂಪು. ಇನ್ನು ಪರವಾಗಿಲ್ಲ ಅಂದುಕೊಳ್ಳೋಷ್ಟರಲ್ಲಿ 1976ರಿಂದ ನ್ಯೂಜಿಲೆಂಡಿನಲ್ಲಿ ಮತ್ತೆ ಯುವಕರು ಸಾಯತೊಡಗಿದರು. 1989ರಲ್ಲಿ ವೆಲಿಂಗ್ಟನ್ನಿನ ಕ್ರೇನ್, ಪಿಯರ್ಸ್, ಬೀಸ್ಲಿ ಮುಂತಾದವರು ಫೆನೊಟೆರಾಲ್ ಅನ್ನೋ ಇನ್‌ಹೇಲರಿನತ್ತ ಬೆರಳು ತೋರಿಸಿದರು. ಒಪ್ಪದವರು ಬಹಳ ಇದ್ದರು. ಆ ಔಷಧಕ್ಕೆ ನಿರ್ಬಂಧ ಹಾಕಿದ ಮೇಲೆ ಸಾವು ಅರ್ಧಕ್ಕೆ ಇಳಿಯಿತು.

ಇಷ್ಟು ಹೆಣ ಬಿದ್ದ ಮೇಲೆ ‘ಸ್ವಲ್ಪ’, ‘ಜಾಸ್ತಿ’ ಅನ್ನೋ ಮಾತಿಗೆ ಒಂದು ಅಳತೆ ಬೇಕೇಬೇಕು ಅಂತ ಆಯಿತು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ‘ಜಿನಾ’ ಅನ್ನೋ ಜಾಗತಿಕ ಕಾರ್ಯಕ್ರಮ ಹುಟ್ಟಿತು. 1995ರಲ್ಲಿ ಅದರ ಮೊದಲ ವರದಿ ನಾಲ್ಕು ಮೆಟ್ಟಿಲು ಮಾಡಿತು. ಆಗೊಮ್ಮೆ ಈಗೊಮ್ಮೆ ಬರೋದು ಮೊದಲನೆಯದು. ಆಮೇಲೆ ಬಿಡದೆ ಇರೋದರಲ್ಲಿ ಸೌಮ್ಯ, ಮಧ್ಯಮ, ತೀವ್ರ. ಹಗಲು ವಾರಕ್ಕೆಷ್ಟು ಸಲ, ರಾತ್ರಿ ತಿಂಗಳಿಗೆಷ್ಟು ಸಲ ಎದ್ದು ಕೂರ್ತೀರಿ, ಊದೋ ಶಕ್ತಿ ಇರಬೇಕಾದ್ದರ ಶೇ 80ಕ್ಕಿಂತ ಮೇಲಿದೆಯಾ, 60ಕ್ಕಿಂತ ಕೆಳಗಿದೆಯಾ, ಇವು ಪ್ರಶ್ನೆಗಳು. ರಾತ್ರಿಯ ಲೆಕ್ಕ ಕೇಳಿದ್ದು ದೊಡ್ಡ ವಿಷಯ. ಹಗಲು ಚೆನ್ನಾಗಿ ಓಡಾಡೋರನ್ನು ನೋಡಿ ಮೋಸಹೋಗೋ ಡಾಕ್ಟರಿಗೆ ಅದು ಕಣ್ಣು ತೆರೆಸಿತು.

ಆದರೆ ಈ ಮೆಟ್ಟಿಲಲ್ಲೂ ಒಂದು ಬಿರುಕಿತ್ತು. ಔಷಧ ಸರಿಯಾಗಿ ತಗೊಂಡು ಆರಾಮಾಗಿರೋ ತೀವ್ರ ರೋಗಿ ಕಾಗದದ ಮೇಲೆ ‘ಸೌಮ್ಯ’ ಆಗಿ ಕಾಣ್ತಾನೆ. ಅದಕ್ಕೆ 2006ರಲ್ಲಿ ಜಿನಾ ಪ್ರಶ್ನೆಯನ್ನೇ ಬದಲಿಸಿ, ಕಾಯಿಲೆ ಹತೋಟಿಯಲ್ಲಿದೆಯಾ ಅಂತ ಕೇಳಿತು. ಈಗ ತೀವ್ರತೆ ಅಂದರೆ, ಹತೋಟಿಯಲ್ಲಿಡೋಕೆ ಎಷ್ಟು ಔಷಧ ಬೇಕಾಗುತ್ತೆ ಅನ್ನೋದು. ಹಿಂತಿರುಗಿ ನೋಡಿ ಹೇಳೋ ಮಾತು ಅದು.

ಇನ್ನೂ ಆಳವಾದ ಬಿರುಕು 2014ರಲ್ಲಿ ಕಾಣಿಸಿತು. ಬ್ರಿಟನ್ನಿನಲ್ಲಿ ಉಬ್ಬಸದ 195 ಸಾವುಗಳನ್ನು ಒಂದೊಂದಾಗಿ ತೆಗೆದು ಪರಿಶೀಲಿಸಿದರು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಸೌಮ್ಯ’ ಅಥವಾ ‘ಮಧ್ಯಮ’ ಅಂತ ಚಿಕಿತ್ಸೆ ಪಡೀತಿದ್ದವರು. ಚೀಟಿಗಳ ಲೆಕ್ಕ ಸಿಕ್ಕ 165 ಜನರಲ್ಲಿ 65 ಮಂದಿಗೆ ಹಿಂದಿನ ಒಂದೇ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ನೀಲಿ ಪಂಪು ಬರೆದುಕೊಟ್ಟಿದ್ದರು. ಪಂಪು ಬಿಗಿ ಬಿಡಿಸುತ್ತೆ, ಉರಿಯೂತ ಒಳಗೇ ಉರೀತಿರುತ್ತೆ. ಒಂದು ದಿನ ಜ್ವರವೋ ಧೂಳೋ ಬಂದಾಗ ಪಂಪು ಸಾಕಾಗಲ್ಲ. 2019ರಲ್ಲಿ ಜಿನಾ ಅರ್ಧ ಶತಮಾನದ ಪದ್ಧತಿಯನ್ನೇ ತಿರುಗಿಸಿ ಹೇಳಿತು: ಹದಿಹರೆಯದವರು, ದೊಡ್ಡವರು ಯಾರಿಗೂ ಬರೀ ನೀಲಿ ಪಂಪು ಸಾಲದು. ಎಷ್ಟೇ ಸೌಮ್ಯ ಇರಲಿ, ಜೊತೆಗೆ ಇನ್‌ಹೇಲರಿನ ಸ್ಟಿರಾಯ್ಡ್ ಇರಬೇಕು.

ನಮ್ಮ ಊರಿನ ಒಂದು ಅಂಕಿ ಹೇಳಿಬಿಡ್ತೀನಿ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅವರಲ್ಲಿ ಶೇ 9ರಷ್ಟು ಮಕ್ಕಳಿಗೆ ಆಸ್ತಮಾ ಇತ್ತು. 1999ರಲ್ಲಿ ಅದು ಶೇ 29.5. ಆಸ್ಪತ್ರೆಗೆ ಬಂದವರ ಲೆಕ್ಕ ಇದು, ಇಡೀ ಊರಿನದ್ದಲ್ಲ. ಆದರೂ ಆ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನ ರಸ್ತೆ, ಗಾಳಿ ಎರಡೂ ಏನಾದವು ಅಂತ ಅಲ್ಲಿದ್ದವರಿಗೆ ಗೊತ್ತು.

ದೊಡ್ಡಮ್ಮನ ವಿಷಯ. ಅವರಿಗೆ ‘ಸ್ಟಿರಾಯ್ಡ್’ ಅಂದರೆ ಭಯ, ಇನ್‌ಹೇಲರ್ ಅಂದರೆ ಕೊನೇ ಗಳಿಗೆಯ ಔಷಧ, ‘ಅಭ್ಯಾಸ ಆಗಿಬಿಡುತ್ತೆ’ ಅನ್ನೋ ಚಿಂತೆ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಆವತ್ತು ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, “ಅಜ್ಜಿ, ನೀಲಿ ಪಂಪು ತಿಂಗಳಿಗೆ ಎಷ್ಟು ಖಾಲಿ ಮಾಡ್ತೀರಿ?” ದೊಡ್ಡಮ್ಮ ನನ್ನ ಮುಖ ನೋಡಿದರು. ಆಮೇಲೆ ಎರಡು ಬೆರಳು ತೋರಿಸಿದರು. ಡಾಕ್ಟರಮ್ಮ ಅದನ್ನು ಬರೆದುಕೊಂಡು, ಪಕ್ಕದಲ್ಲಿ ಕಾಯಿಲೆಯ ಹೆಸರು ಬರೆದರು. ವೀಸಿಂಗ್ ಅಂತಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಪೀಕ್ ಫ್ಲೋ ಊದಿ, ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಅದರ ಅಂಕಿಯನ್ನೂ ಬರೀತಾರೆ. ಇವತ್ತು ಬೆಳಿಗ್ಗೆ ಫೋನ್ ಮಾಡಿದಾಗ 290 ಅಂದರು.